ಸೋಪಣ್ಣನ ಭಿನ್ನರಾಶಿ

ಗಡ್ಡ ಹೆರೆದುಕೊಳ್ಳುವಾಗ ಸೋಪಣ್ಣ ಬಾಯಿ ಮುಚ್ಚಿಕೊಂಡಿದ್ದರೆ ಆ ದಿನ ಅಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಆದರೆ ಅವನು ಕನ್ನಡಿಯ ಮುಂದೆ ನಿಂತು, ಒಂದು ಕೆನ್ನೆಗೆ ನೊರೆ ಬಳಿದುಕೊಂಡು, "ಮೇಲಿನದು ಅಂಶ, ಕೆಳಗಿನದು ಛೇದ, ಮೇಲಿನದು ಅಂಶ, ಕೆಳಗಿನದು ಛೇದ" ಎಂದು ರಾಗವಾಗಿ ಗುನುಗಿಕೊಳ್ಳುತ್ತಿದ್ದ. ಬಚ್ಚಲಿನ ಬಾಗಿಲು ತೆರೆದಿತ್ತು. ಮಗಳ ಕಿವಿಯೂ ತೆರೆದಿತ್ತು.

"ಅಪ್ಪಾ, ಏನು ಮಾಡ್ತಿದ್ದೀಯ?"

"ಗಡ್ಡ."

"ಅದಲ್ಲ. ಬಾಯಿಪಾಠ ಮಾಡ್ತಿದ್ದೀಯಲ್ಲ!"

ಅಪ್ಪ ಕದ್ದು ಸಿಗರೇಟು ಸೇದುವುದನ್ನು ಹಿಡಿದವಳ ಹಾಗೆ ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳು ಮೇಷ್ಟ್ರಾಗುವ ಓದು ಓದುತ್ತಿದ್ದಳು. ಆ ಓದಿಗೆ ಸೇರಿದ ಮೇಲೆ ಅವಳಿಗೆ ಜಗತ್ತಿನಲ್ಲಿ ಯಾರು ಏನು ಕಲಿತರೂ ಅದು ತಪ್ಪು ರೀತಿಯಲ್ಲೇ ಕಲಿತಂತೆ ಕಾಣುತ್ತಿತ್ತು.

ಸೋಪಣ್ಣ ಎನ್ನುವುದು ಅವನ ನಿಜವಾದ ಹೆಸರಲ್ಲ. ಮೀಸೆ ಚಿಗುರುವಾಗಲೇ ದೊಡ್ಡಾಸ್ಪತ್ರೆಯ ಲಾಂಡ್ರಿಗೆ ಸೇರಿದವನು, ಹಾಸಿಗೆಯ ಚಾದರ, ಡಾಕ್ಟರುಗಳ ಕೋಟು, ರೋಗಿಗಳ ಅಂಗಿ ಎಲ್ಲವನ್ನೂ ಒಗೆಯುವ ದೈತ್ಯ ಯಂತ್ರಗಳ ಮುಂದೆ ನಿಂತೇ ತಲೆ ನರೆಸಿಕೊಂಡಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಯಾವುದೋ ಯಂತ್ರದಲ್ಲಿ ಬಣ್ಣ ಬಿಟ್ಟು ಹೋಗಿ ಸೋಪಣ್ಣ ಎಂಬುದೊಂದೇ ಉಳಿದಿತ್ತು. ಈಗ ಲಾಂಡ್ರಿಯ ಸೂಪರ್‌ವೈಸರು ನಿವೃತ್ತರಾಗುವವರಿದ್ದರು. ಆ ಕುರ್ಚಿ ಸೋಪಣ್ಣನಿಗೇ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ಹೇಳಬೇಕಾದವರನ್ನು ಬಿಟ್ಟು. ಹೇಳಬೇಕಾದವರು ಹೇಳಿದ್ದು ಬೇರೆ. ಏಳನೇ ತರಗತಿ ಪಾಸಾದ ಸರ್ಟಿಫಿಕೇಟು ತಂದರೆ ಕುರ್ಚಿ. ಇಲ್ಲದಿದ್ದರೆ ಹೊರಗಿನಿಂದ ಯಾರನ್ನಾದರೂ ತಂದು ಕೂರಿಸುತ್ತೇವೆ.

ಸೋಪಣ್ಣ ಶಾಲೆ ಬಿಟ್ಟದ್ದು ಸರಿಯಾಗಿ ಭಿನ್ನರಾಶಿಯ ಹೊಸ್ತಿಲಲ್ಲಿ. ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಎಷ್ಟು ಎಂದು ಅಂದಿನ ಮೇಷ್ಟ್ರು ಕೇಳಿದಾಗ ಎದ್ದು ನಿಂತು, ಎದೆಯುಬ್ಬಿಸಿ, "ಐದನೇ ಎರಡು ಸಾರ್" ಎಂದಿದ್ದ. ಮೇಲಿನ ಒಂದು ಒಂದು ಎರಡು, ಕೆಳಗಿನ ಎರಡು ಮೂರು ಐದು, ಅದರಲ್ಲೇನು ತಪ್ಪು? ಇಡೀ ಕ್ಲಾಸು ಬೆಂಚು ಕುಟ್ಟಿಕೊಂಡು ನಕ್ಕಿತ್ತು. ಮರುವಾರ ಅಪ್ಪನ ಕಾಯಿಲೆಯ ನೆಪದಲ್ಲಿ ಕೆಲಸಕ್ಕೆ ಸೇರಿದಾಗ, ಅವನಿಗೆ ದುಃಖಕ್ಕಿಂತ ಹೆಚ್ಚಾಗಿ ಬಿಡುಗಡೆಯಾದಂತೆ ಅನ್ನಿಸಿತ್ತು. ಅದೇ ಭಿನ್ನರಾಶಿ ಅಷ್ಟು ವರ್ಷ ಅದೇ ಹೊಸ್ತಿಲಲ್ಲಿ ಕಾದು ಕುಳಿತಿದ್ದು, ಸರ್ಟಿಫಿಕೇಟಿಗಾಗಿ ದೊಡ್ಡವರ ಸಂಜೆ ಶಾಲೆಗೆ ಕಾಲಿಟ್ಟ ಕೂಡಲೇ ಮತ್ತೆ ಅಡ್ಡಗಟ್ಟಿತು.

ಹಾಗಿರುವಾಗ ಹಿಂದಿನ ದಿನ ಸಂಜೆ ಶಾಲೆಯ ಮೇಡಂ, ಬಸ್ಸಿಗೆ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿಕೊಳ್ಳುತ್ತಾ ಅವನತ್ತ ತಿರುಗಿ, "ನಾಳೆ ನಾಲ್ಕು ಗಂಟೆಗೆ ಮೌಖಿಕ ಪರೀಕ್ಷೆ ಇಟ್ಟಿದ್ದಾರೆ. ನಮ್ಮ ಕ್ಲಾಸಿನಿಂದ ನೀವು ಹೋಗಿ. ಭಿನ್ನರಾಶಿ ಕೇಳ್ತಾರೆ" ಎಂದಿದ್ದರು.

"ನಾನೊಬ್ಬನೇನಾ ಮೇಡಂ? ಮಿಕ್ಕವರು?"

"ಒಬ್ಬರು ಸಾಕು. ನಿಮಗಿಂತ ಸರಿಯಾದವರು ಇನ್ಯಾರಿದ್ದಾರೆ? ಓದಿಕೊಂಡೇನೂ ಹೋಗ್ಬೇಡಿ, ಹೀಗೇ ಹೋಗಿ."

ಓದದೆಯೇ ಹೋಗು ಎನ್ನುವಷ್ಟು ನಂಬಿಕೆ! ಸೋಪಣ್ಣ ಆ ಸಂಜೆ ಮನೆಗೆ ನಡೆದು ಬಂದನೋ ತೇಲಿ ಬಂದನೋ ಅವನಿಗೇ ಗೊತ್ತಿಲ್ಲ. ಆದರೂ ಇರಲಿ ಎಂದು ಅಂಶ ಯಾವುದು ಛೇದ ಯಾವುದು ಎಂದಷ್ಟೇ ನೆನಪು ಮಾಡಿಕೊಳ್ಳುತ್ತಿದ್ದಾಗ ಮಗಳು ಬಂದು ನಿಂತದ್ದು.

"ಅಪ್ಪಾ, ದೊಡ್ಡವರು ಮಕ್ಕಳ ಹಾಗೆ ಕಲಿಯೋದಿಲ್ಲ. ನಮಗೆ ಅದರ ಮೇಲೆ ಒಂದು ಪೇಪರೇ ಇದೆ. ದೊಡ್ಡವರಿಗೆ ಮೊದಲು ಯಾಕೆ ಕಲೀಬೇಕು ಅಂತ ಗೊತ್ತಿರಬೇಕು. ನೀನು ಯಾಕೆ ಕಲೀತಿದ್ದೀಯ?"

"ಸೂಪರ್‌ವೈಸರ್ ಆಗೋಕೆ."

"ಅದು ಹೊರಗಿನ ಕಾರಣ. ಒಳಗಿನ ಕಾರಣ ಹೇಳು. ಒಳಗೆ ಏನನ್ನಿಸ್ತಿದೆ?"

"ಒಳಗೆ ಹಸಿವಾಗ್ತಿದೆ."

ಮಗಳು ಬಿಡಲಿಲ್ಲ. ಅವನನ್ನು ಅರ್ಧ ಗಡ್ಡದಲ್ಲೇ ಕುರ್ಚಿಯ ಮೇಲೆ ಕೂರಿಸಿದಳು. ಹೊಸದನ್ನು ಹಳೇ ಅನುಭವಕ್ಕೆ ಗಂಟು ಹಾಕಿದರೆ ದೊಡ್ಡವರಿಗೆ ಎಂಥದ್ದೂ ತಲೆಗೆ ಹತ್ತುತ್ತದಂತೆ. "ಕಣ್ಣು ಮುಚ್ಕೋ. ಅರ್ಧ ಅಂದ್ರೆ ನಿನ್ನ ಜೀವನದಲ್ಲಿ ಏನು ನೆನಪಾಗುತ್ತೆ?"

"ರಾತ್ರಿ ಬರೋ ನಿದ್ದೆ."

"ಸರಿ. ಮೂರನೇ ಒಂದು?"

"ಈ ಮನೇಲಿ ನನ್ನ ಮಾತಿಗಿರೋ ಬೆಲೆ."

"ಎರಡನ್ನೂ ಕೂಡಿಸು. ಏನು ಬರುತ್ತೆ?"

"ತಲೆನೋವು."

ಮಗಳು ನಿಟ್ಟುಸಿರು ಬಿಟ್ಟಳು. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ತಟ್ಟೆ ಹಿಡಿದು ಬಂದಳು. ಅವಳ ಹಿಂದೆಯೇ ಪಕ್ಕದ ಮನೆಯ ದಫೇದಾರರು, ಕಾಫಿ ಪುಡಿ ಸಾಲ ಕೇಳಲು ಬಂದವರು, ಲೋಟ ಸಮೇತ ಒಳಗೆ ಬಂದರು. ದಫೇದಾರರು ಪೋಲೀಸಿನಲ್ಲಿದ್ದದ್ದು ನಿಜ. ಆದರೆ ಕಳ್ಳರ ಹಿಂದೆ ಓಡಿದವರಲ್ಲ. ಕಳ್ಳರ ಹಿಂದೆ ಓಡುವ ನಾಯಿಗಳಿಗೆ ಪಾಠ ಹೇಳಿ ನಿವೃತ್ತರಾದವರು.

"ನಿಮ್ಮ ಮಾತೆಲ್ಲ ನಮ್ಮನೆವರೆಗೂ ಕೇಳಿಸ್ತು," ಎಂದರು ದಫೇದಾರರು. "ಯಾಕೆ, ಅನುಭವ, ಒಳಗೆ, ಹೊರಗೆ... ಇಷ್ಟೆಲ್ಲ ಬೇಕಾಗಿಲ್ಲಮ್ಮ. ನನ್ನ ಕೈಕೆಳಗೆ ಕಲಿತ ಒಂದು ನಾಯಿಯೂ ಫೇಲಾಗಿಲ್ಲ. ಸರಿಯಾದ ಉತ್ತರಕ್ಕೆ ವಿಷಲ್ಲು, ವಿಷಲ್ಲಿಗೆ ಬಿಸ್ಕತ್ತು. ತಪ್ಪಿದರೆ ಮುಖ ತಿರುಗಿಸಿಬಿಡೋದು. ಮುಗೀತು."

"ನಾಯಿಗೆ ಅಂಶ ಛೇದ ಬರುತ್ತಾ ದಫೇದಾರ್ರೇ?" ಎಂದ ಸೋಪಣ್ಣ.

"ಬರಲ್ಲ. ಆದರೆ ಯಾಕೆ ಅಂತ ಒಂದು ದಿನ ಕೇಳಿದ್ದೂ ಇಲ್ಲ."

"ಅಂಕಲ್, ಅಪ್ಪ ನಾಯಿ ಅಲ್ಲ!" ಎಂದು ಮಗಳು ಕೂಗಿಕೊಂಡಳು.

"ಅದು ಹೇಳಿದ ಮಾತು ಕೇಳುತ್ತೆ, ಇವರು ಕೇಳಲ್ಲ," ಎಂದಳು ಹೆಂಡತಿ. "ಅದೊಂದು ಬಿಟ್ರೆ ಪ್ರಯತ್ನ ಮಾಡೋದ್ರಲ್ಲಿ ತಪ್ಪೇನು?" ಎಂದವಳೇ ತಿಂಡಿಯ ತಟ್ಟೆಯನ್ನು ಒಳಗೆ ಒಯ್ದು, ಅದರ ಬದಲು ಬಿಸ್ಕತ್ತಿನ ಡಬ್ಬಿಯನ್ನು ತಂದು ದಫೇದಾರರ ಕೈಗೆ ಕೊಟ್ಟಳು.

ಹೊಟ್ಟೆ ಚುರುಗುಟ್ಟುತ್ತಿರುವ ಮನುಷ್ಯ ಬಿಸ್ಕತ್ತಿನ ಮುಂದೆ ಎಷ್ಟು ಹೊತ್ತು ಮಾನ ಕಾಪಾಡಿಕೊಂಡಾನು? ದಫೇದಾರರು ಮಗಳ ಹತ್ತಿರವೇ ಉತ್ತರ ಕೇಳಿ ತಿಳಿದುಕೊಂಡು, ಎದುರಿಗೆ ಕುಕ್ಕರಗಾಲಲ್ಲಿ ಕುಳಿತರು. "ಅರ್ಧ, ಮೂರನೇ ಒಂದು, ಕೂಡಿಸು!"

"ಐದನೇ..."

ದಫೇದಾರರು ಮುಖ ತಿರುಗಿಸಿದರು. ಡಬ್ಬಿಯೂ ಅವರ ಜೊತೆಗೇ ತಿರುಗಿತು.

"ಆರನೇ ಐದು!" ಎಂದು ಮಗಳು ಪಿಸುಗುಟ್ಟಿದಳು. ಅವಳಿಗೂ ಅಪ್ಪನ ಹಸಿವು ನೋಡಲಾಗಲಿಲ್ಲ.

"ಆರನೇ ಐದು," ಎಂದ ಸೋಪಣ್ಣ.

ದಫೇದಾರರ ಜೇಬಿನಿಂದ ಹೊರಬಂದ ವಿಷಲ್ಲು ಗೋಡೆ ನಡುಗುವ ಹಾಗೆ ಕೂಗಿತು. ಬಿಸ್ಕತ್ತು ಬಂತು. "ಶಭಾಷ್!" ಎಂದು ದಫೇದಾರರು ಅವನ ತಲೆ ಸವರಿದರು. ಡಬ್ಬಿಯ ತಳ ಕಾಣುವವರೆಗೂ ಇದೇ ನಡೆಯಿತು. ಕೊನೆಕೊನೆಗೆ ದಫೇದಾರರು ಪ್ರಶ್ನೆ ಕೇಳುವುದನ್ನೂ ಬಿಟ್ಟರು. ವಿಷಲ್ಲು ಊದಿದರೆ ಸಾಕು, ಸೋಪಣ್ಣ ಆರನೇ ಐದು ಎಂದು ಅಂಗೈ ಚಾಚುತ್ತಿದ್ದ. ಪರೀಕ್ಷಿಸೋಣವೆಂದು ಮಗಳು, "ಅಪ್ಪಾ, ಕಾಲಿಗೆ ಅರ್ಧ ಕೂಡಿಸಿದ್ರೆ?" ಎಂದಳು.

"ಆರನೇ ಐದು," ಎಂದು ಅವಳ ಮುಂದೆಯೂ ಕೈ ಚಾಚಿದ.

ಅಂತೂ ಸೋಪಣ್ಣ ಅರ್ಧ ಗಡ್ಡವನ್ನು ಪೂರ್ತಿ ಮಾಡಿಕೊಂಡು ಮನೆಯಿಂದ ತಪ್ಪಿಸಿಕೊಂಡು ಲಾಂಡ್ರಿ ಸೇರಿದ. ಮಧ್ಯಾಹ್ನದವರೆಗೆ ಕೆಲಸ ಮಾಡಿ, ಆಮೇಲೆ ರಜೆ ಹಾಕಿ ಪರೀಕ್ಷೆಗೆ ಹೋಗುವುದೆಂದು ಎಣಿಸಿದ್ದ. ಅಲ್ಲಿ ಕಾಯುತ್ತಿದ್ದದ್ದು ಇಸ್ತ್ರಿ ಅಕ್ಕ.

ಇಸ್ತ್ರಿ ಅಕ್ಕ ಲಾಂಡ್ರಿಯ ಇಸ್ತ್ರಿ ಮೇಜಿನ ಯಜಮಾನಿ. ಸೋಪಣ್ಣನಿಗಿಂತ ಹಿರಿಯಳು, ಅವನ ಸರ್ಟಿಫಿಕೇಟಿನ ಬಗ್ಗೆ ಅವನಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವಳು. ಹೊರಗಿನ ಸೂಪರ್‌ವೈಸರು ಬಂದರೆ ಅವಳ ಮಧ್ಯಾಹ್ನದ ತೂಕಡಿಕೆಗೆ ಸಂಚಕಾರ.

"ಹೇಗೆ ಓದಿದ್ದೀಯೋ?" ಎಂದಳು.

"ಉತ್ತರ ಗೊತ್ತು ಅಕ್ಕ. ಪ್ರಶ್ನೆ ಯಾವುದು ಅಂತ ಮರೆತುಹೋಗ್ತಿದೆ."

"ಅಯ್ಯೋ ದೇವರೇ. ಯಾರೋ ಬಾಯಲ್ಲಿ ಕಲಿಸಿದ್ದಾರೆ. ಕೈಯಲ್ಲಿ ಮಾಡದೆ ಯಾವುದಾದ್ರೂ ತಲೆಗೆ ಹತ್ತುತ್ತಾ? ನಾನು ಇಸ್ತ್ರಿ ಕಲಿತದ್ದು ಕೈ ಸುಟ್ಕೊಂಡು. ಬಾ ಇಲ್ಲಿ. ಇವತ್ತು ದೊಡ್ಡ ಯಂತ್ರಕ್ಕೆ ಪುಡಿ ಹಾಕೋವಾಗ ಲೆಕ್ಕ ಮಾಡಿ ಹಾಕು. ಈ ಡಬ್ಬದಲ್ಲಿ ಅರ್ಧ ಸೋಪು, ಮೂರನೇ ಒಂದು ಸೋಡಾ. ಎರಡೂ ಒಳಗೆ ಹೋದಾಗ ಎಷ್ಟಾಯ್ತು ಅಂತ ಕಣ್ಣಲ್ಲೇ ನೋಡು."

ಸೋಪಣ್ಣ ಇದುವರೆಗೆ ಅಳತೆ ನೋಡಿ ಪುಡಿ ಹಾಕಿದವನೇ ಅಲ್ಲ. ಬಟ್ಟೆಯ ರಾಶಿ ನೋಡುವುದು, ಕೈ ಹಾಕುವುದು, ಎರಚುವುದು. ಈಗ ಡಬ್ಬ ಹಿಡಿದು ಮೊದಲ ಸಲ ಯೋಚಿಸಿದ. ಅರ್ಧ ಅಂದರೆ ಕೆಳಗೆ ಎರಡು. ಮೂರನೇ ಒಂದು ಅಂದರೆ ಕೆಳಗೆ ಮೂರು. ಮೂರು ಎರಡಕ್ಕಿಂತ ದೊಡ್ಡದು. ಹಾಗಾದರೆ ಸೋಡಾ ಸೋಪಿಗಿಂತ ಹೆಚ್ಚಿರಬೇಕು. ಹೆಚ್ಚು ಅಂದರೆ ಎಷ್ಟು? ಒಂದು ಡಬ್ಬ ಹಾಕಿದ. ಸಾಲದೇನೋ ಎನ್ನಿಸಿತು. ಮೂರು ಎಂದಿದೆಯಲ್ಲ, ಮೂರು ಡಬ್ಬ ಹಾಕಿದ. ಆಮೇಲೆ ಸೋಪು ಕಡಿಮೆಯಾಯಿತೇನೋ ಎಂಬ ಅನುಮಾನ. ಅದಕ್ಕೂ ನ್ಯಾಯ ಒದಗಿಸಿ ಗುಂಡಿ ಒತ್ತಿದ.

ಯಂತ್ರ ಸ್ವಲ್ಪ ಹೊತ್ತು ಏನೂ ಆಗದವರ ಹಾಗೆ ತಿರುಗಿತು. ಆಮೇಲೆ ಬಿಕ್ಕಳಿಸಿತು. ಬಾಗಿಲಿನ ಸಂದಿಯಿಂದ ಒಂದು ಬಿಳಿ ನಾಲಿಗೆ ಹೊರಗೆ ಬಂತು. ನೋಡನೋಡುತ್ತಿದ್ದಂತೆ ನೊರೆ ನೆಲಕ್ಕಿಳಿದು, ಸೋಪಣ್ಣನ ಮೊಣಕಾಲು ಮುಟ್ಟಿ, ಇಸ್ತ್ರಿ ಮೇಜಿನ ಕಾಲು ನುಂಗಿ, ಬಾಗಿಲು ದಾಟಿ, ಹೊರರೋಗಿಗಳು ಸಾಲು ನಿಂತಿದ್ದ ಓಣಿಗೆ ಹಾಯಾಗಿ ನಡೆದುಹೋಯಿತು. ಅಲ್ಲಿ ಕಣ್ಣಿನ ಡಾಕ್ಟರಿಗಾಗಿ ಕಾಯುತ್ತಿದ್ದ ಒಬ್ಬ ಮುದುಕರು, "ಪೊರೆ ಇಷ್ಟು ಬೇಗ ಬೆಳೀತಾ?" ಎಂದು ಗಾಬರಿಯಾಗಿ ಕಿರುಚಿಕೊಂಡರು.

ಮೇಟ್ರನ್ ಬಂದರು. ಸೊಂಟದಿಂದ ಮೇಲೆ ಮಾತ್ರ ಬಂದಂತೆ ಕಾಣುತ್ತಿತ್ತು, ಕೆಳಗಿನದೆಲ್ಲ ನೊರೆ.

"ಸೋಪಣ್ಣಾ! ಏನಿದು?"

"ಕಲೀತಿದ್ದಾನೆ ಮೇಡಂ," ಎಂದಳು ಇಸ್ತ್ರಿ ಅಕ್ಕ, ಮೇಜಿನ ಮೇಲೆ ಹತ್ತಿ ನಿಂತುಕೊಂಡು.

"ಏನು, ಈಜೋದಾ?"

ಸೋಪಣ್ಣ ತಲೆ ತಗ್ಗಿಸಿ ಭಿನ್ನರಾಶಿ ಎಂದ. ಮೇಟ್ರನ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೇ ಚೆನ್ನಾಗಿತ್ತು. ಅವರು ಮೂಲೆಯಲ್ಲಿದ್ದ ನೆಲ ಒರೆಸುವ ಕೋಲನ್ನು ತಂದು ಅವನ ಕೈಗಿಟ್ಟು, "ನಾನು ಎಷ್ಟೋ ನರ್ಸುಗಳನ್ನ ತಯಾರು ಮಾಡಿದ್ದೀನಿ. ತಪ್ಪಿನಿಂದಲೇ ಮನುಷ್ಯ ಕಲಿಯೋದು. ತಾನೇ ಒರೆಸಿದ ತಪ್ಪನ್ನ ಯಾರೂ ಮರೆಯಲ್ಲ. ಒರೆಸಿ. ಒರೆಸ್ತಾ ಎಲ್ಲಿ ತಪ್ಪಿದೆ ಅಂತ ಯೋಚನೆ ಮಾಡಿ" ಎಂದು ಶಾಂತವಾಗಿ ಹೇಳಿ ಹೋದರು.

ಸೋಪಣ್ಣ ಒರೆಸಿದ. ಎಲ್ಲಿ ತಪ್ಪಿದೆ ಎಂದೂ ಯೋಚಿಸಿದ. ಒರೆಸಿದಷ್ಟೂ ನೊರೆ, ಯೋಚಿಸಿದಷ್ಟೂ ಗೊಂದಲ. ಮೊದಲು ಅವನಿಗೆ ಭಿನ್ನರಾಶಿ ಒಂದು ಮಾತ್ರ ಬರುತ್ತಿರಲಿಲ್ಲ. ಈಗ ಕಣ್ಣುಮುಚ್ಚಿ ಮಾಡುತ್ತಿದ್ದ ಸೋಪಿನ ಕೆಲಸವೂ ಬರದಂತಾಗಿತ್ತು. ಯಾಕೆ ಕಲೀಬೇಕು ಎಂದು ಮಗಳು ಕೇಳಿದ್ದಕ್ಕೆ ಈಗ ಅವನ ಹತ್ತಿರ ಹೊರಗಿನ ಕಾರಣವೂ ಇರಲಿಲ್ಲ, ಒಳಗಿನ ಕಾರಣವೂ ಇರಲಿಲ್ಲ.

ಓಣಿಯ ನೆಲ ಮತ್ತೆ ನೆಲವಾಗಿ ಕಾಣುವ ಹೊತ್ತಿಗೆ ಪರೀಕ್ಷೆಗೆ ಹೊತ್ತಾಗುತ್ತಾ ಬಂದಿತ್ತು. ಮೊಣಕಾಲವರೆಗೆ ಒದ್ದೆಯಾದ ಪ್ಯಾಂಟಿನಲ್ಲೇ, ಹೆಜ್ಜೆಗೊಂದು ಪಚಕ್ ಎನ್ನಿಸುತ್ತಾ, ಬೀದಿಗೆ ಬಿದ್ದು ಓಡಿದ. ದೊಡ್ಡ ಚೌಕದಲ್ಲಿ ರಸ್ತೆ ದಾಟುವ ಅವಸರದಲ್ಲಿ ಕೆಂಪು ದೀಪ ಕಾಣಲಿಲ್ಲ. ಟ್ರಾಫಿಕ್ ಪೋಲೀಸಿನವನು ಗಟ್ಟಿಯಾಗಿ ವಿಷಲ್ಲು ಊದಿದ.

"ಆರನೇ ಐದು!" ಎಂದು ಸೋಪಣ್ಣ ನಡುರಸ್ತೆಯಲ್ಲೇ ನಿಂತು, ಪೋಲೀಸಿನವನ ಮುಂದೆ ಅಂಗೈ ಚಾಚಿದ.

ಪೋಲೀಸಿನವನು ಆ ಅಂಗೈಯನ್ನು ಬಹಳ ಹೊತ್ತು ನೋಡಿದ. "ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಮುಂದೆ ಕೈ ಚಾಚಿದವನು ನೀನೊಬ್ಬನೇ ಕಣಯ್ಯಾ," ಎಂದು, ಏನು ಕೇಸು ಹಾಕುವುದೆಂದು ತೋಚದೆ, ತಾನೇ ಕೈ ಹಿಡಿದು ರಸ್ತೆ ದಾಟಿಸಿ ಬಿಟ್ಟ.

ಪರೀಕ್ಷೆ ಇದ್ದದ್ದು ಮಕ್ಕಳ ಶಾಲೆಯೊಂದರ ಮೇಲಂತಸ್ತಿನ ಕೋಣೆಯಲ್ಲಿ. ಬೆಂಚುಗಳು ಎಷ್ಟು ಚಿಕ್ಕವೆಂದರೆ ಸೋಪಣ್ಣ ಕುಳಿತಾಗ ಮೊಣಕಾಲು ಗಲ್ಲಕ್ಕೆ ತಾಗಿತು. ಮುಂದೆ ಬಿಳಿ ಬಟ್ಟೆ ಹಾಸಿದ ಮೇಜು. ಮೇಜಿನ ಹಿಂದೆ ದಪ್ಪ ಕನ್ನಡಕದ, ಸೋಪಣ್ಣನಷ್ಟೇ ವಯಸ್ಸಿನ ಒಬ್ಬ ಗೃಹಸ್ಥರು. ಪರೀಕ್ಷಕರು ಇಷ್ಟೊಂದು ಬೆವರುವುದನ್ನು ಸೋಪಣ್ಣ ನೋಡಿರಲಿಲ್ಲ; ಕರವಸ್ತ್ರ ಹಿಂಡಿದರೆ ಒಂದು ಲೋಟ ತುಂಬುವ ಹಾಗಿತ್ತು. ಹಿಂದಿನ ಬೆಂಚಿನಲ್ಲಿ ಒಬ್ಬ ಹೆಂಗಸು ಪೆನ್ನು ಹಿಡಿದು ಕುಳಿತಿದ್ದರು. ಇವರು ತನ್ನ ನಂತರದ ಸರದಿಯವರಿರಬೇಕು, ಪಾಪ, ಎಂದುಕೊಂಡ.

"ನಮಸ್ಕಾರ, ನಮಸ್ಕಾರ," ಎಂದರು ಪರೀಕ್ಷಕರು, ಎರಡು ಸಲ. "ಹೆದರ್ಬೇಡಿ. ಹೆದರೋಕೆ ಏನೂ ಇಲ್ಲ. ಯಾರೂ ಹೆದರ್ತಾ ಇಲ್ಲ. ಈಗ ನಿಮಗೆ ಹೇಗನ್ನಿಸ್ತಿದೆ?"

"ಗೊಂದಲ ಸಾರ್."

"ಒಳ್ಳೇದು! ಬಹಳ ಒಳ್ಳೇದು!" ಪರೀಕ್ಷಕರು ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿದರು. "ಕಲಿಕೆ ಶುರುವಾಗೋದೇ ಅಲ್ಲಿಂದ. ಈಗ ಅರ್ಧಕ್ಕೆ ಮೂರನೇ ಒಂದು ಕೂಡಿಸಿದ್ರೆ ಎಷ್ಟಾಗುತ್ತೆ? ನಿಧಾನವಾಗಿ..."

"ಆರನೇ ಐದು."

ಸರಿಯುತ್ತರಕ್ಕೆ ಪರೀಕ್ಷಕರ ಮುಖ ಅರಳಬೇಕಿತ್ತು. ಅದು ಸೋರಿದ ಟೈರಿನ ಹಾಗೆ ಇಳಿದುಹೋಯಿತು.

"ಅಷ್ಟು ಬೇಗ ಹೇಳಿಬಿಟ್ರೆ ಹೇಗೆ ರೀ?" ಎಂದರು ಅಳುವ ದನಿಯಲ್ಲಿ. "ಅದು... ನಿಮಗೆ ಅದು ಹೇಗೆ ಬಂತು?"

"ಬಿಸ್ಕತ್ತಿನಿಂದ ಸಾರ್."

"ಬಿಸ್ಕತ್ತನ್ನ ಭಾಗ ಮಾಡಿ ನೋಡಿದ್ರಾ?"

"ಇಲ್ಲ ಸಾರ್, ತಿಂದೆ."

ಹಿಂದಿನ ಬೆಂಚಿನ ಹೆಂಗಸು ಏನೋ ಬರೆದುಕೊಂಡರು. ಪರೀಕ್ಷಕರಿಗೆ ಜೀವ ಬಂತು. "ಅಂದ್ರೆ ನಿಮಗೆ ಉತ್ತರ ಗೊತ್ತು, ಆದರೆ ಅರ್ಥವಾಗಿಲ್ಲ! ಅಬ್ಬ! ಯಾಕೆ ಆರನೇ ಐದು? ಐದನೇ ಎರಡು ಯಾಕಲ್ಲ?"

ಐದನೇ ಎರಡು. ಎಷ್ಟೋ ವರ್ಷದ ಕೆಳಗಿನ ನಗು ಆ ಕೋಣೆಯ ಬೆಂಚುಗಳಿಂದ ಎದ್ದು ಬಂದಂತಾಯಿತು. ಯಾಕಲ್ಲ? ಅದೇ ಅವನೂ ಅಂದಿನಿಂದ ಕೇಳಬೇಕೆಂದಿದ್ದದ್ದು. ಯಾರೂ ಹೇಳಿರಲಿಲ್ಲ. ನಕ್ಕಿದ್ದರು, ಬಿಸ್ಕತ್ತು ಕೊಟ್ಟಿದ್ದರು, ಒರೆಸುವ ಕೋಲು ಕೊಟ್ಟಿದ್ದರು.

"ಗೊತ್ತಿಲ್ಲ ಸಾರ್," ಎಂದ.

ಪರೀಕ್ಷಕರು ಎದ್ದು ಬಂದರು. ಬೋರ್ಡಿನ ಮೇಲೆ ಒಂದು ವೃತ್ತ ಬರೆದರು, ಅದು ಮೊಟ್ಟೆಯಾಯಿತು. ಒರೆಸಿ ಮತ್ತೆ ಬರೆದರು, ಬದನೆಕಾಯಿಯಾಯಿತು. ಇದೊಂದು ಜಮೀನು ಅಂದುಕೊಳ್ಳಿ ಎಂದರು, ಬೇಡ ಒಂದು ಗಂಟೆ ಅಂದುಕೊಳ್ಳಿ ಎಂದರು, ಕೊನೆಗೆ ಏನೂ ಅಂದುಕೊಳ್ಳಬೇಡಿ ಎಂದರು. ಸೀಮೆಸುಣ್ಣ ಕೈಯಲ್ಲೇ ಪುಡಿಯಾಯಿತು. ಒಬ್ಬರಿಗೆ ಹೇಳಲು ಬರುತ್ತಿಲ್ಲ, ಇನ್ನೊಬ್ಬನಿಗೆ ಕೇಳಲು ಬರುತ್ತಿಲ್ಲ.

ಸೋಪಣ್ಣನಿಗೆ ಗಾಬರಿಯಾದಾಗ ಕೈ ಸುಮ್ಮನಿರುವುದಿಲ್ಲ. ಎದುರಿಗೆ ಬಟ್ಟೆ ಕಂಡರೆ ಮಡಿಸುವುದು ಅವನ ಅಭ್ಯಾಸ. ಏನು ಮಾಡುತ್ತಿದ್ದೇನೆಂಬ ಪರಿವೆಯಿಲ್ಲದೆ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಪರೀಕ್ಷಕರ ಕೈಗೆ ಕೊಟ್ಟು, ಮೇಜಿನ ಬಟ್ಟೆಯನ್ನು ಎಳೆದುಕೊಂಡು, ಆಸ್ಪತ್ರೆಯ ಚಾದರ ಮಡಿಸುವಂತೆ ಅಗಲಕ್ಕೆ ಎರಡಾಗಿ ಮಡಿಸಿದ, ಉದ್ದಕ್ಕೆ ಮೂರಾಗಿ ಮಡಿಸಿದ. ಆಮೇಲೆ ಎಚ್ಚರಾಗಿ, ಅಯ್ಯೋ ಇದು ಲಾಂಡ್ರಿಯಲ್ಲವಲ್ಲ ಎಂದು ಗಡಿಬಿಡಿಯಲ್ಲಿ ಮತ್ತೆ ಬಿಡಿಸಿ ಹಾಸಿದ.

ಬಟ್ಟೆಯ ಮೇಲೆ ಗೆರೆ ಬಿದ್ದಿತ್ತು. ಒಂದೇ ಅಳತೆಯ ಆರು ಚೌಕ.

ಸೋಪಣ್ಣ ಬಗ್ಗಿ ನೋಡಿದ. ಅರ್ಧ ಅಂದರೆ ಈ ಕಡೆಯ ಸಾಲು, ಮೂರು ಚೌಕ. ಮೂರನೇ ಒಂದು ಅಂದರೆ ಈ ಪಟ್ಟಿ, ಎರಡು ಚೌಕ. ಮೂರೂ ಎರಡೂ...

"ಸಾರ್," ಎಂದ. ದನಿ ಅವನಿಗೇ ಗುರುತಾಗಲಿಲ್ಲ. "ಸಾರ್, ಅರ್ಧದ ಚೂರು ಬೇರೆ, ಮೂರನೇ ಒಂದರ ಚೂರು ಬೇರೆ. ದೊಡ್ಡ ಚಾದರ, ಚಿಕ್ಕ ಚಾದರ ಒಟ್ಟಿಗೆ ಎಣಿಸೋ ಹಾಗಿಲ್ಲ. ಎರಡನ್ನೂ ಒಂದೇ ಅಳತೆಗೆ ಮಡಿಸ್ಬೇಕು. ಆಗ ಎಣಿಸ್ಬಹುದು! ಮೂರು, ನಾಲ್ಕು, ಐದು. ಆರರಲ್ಲಿ ಐದು. ಸಾರ್, ಅದಕ್ಕೇ ಸಾರ್ ಅದು ಆರನೇ ಐದು!"

ಪರೀಕ್ಷಕರೂ ಬಗ್ಗಿ ನೋಡಿದರು. "ಹೌದಲ್ರೀ!" ಎಂದರು, ತಮಗೂ ಈಗಲೇ ಗೊತ್ತಾದವರ ಹಾಗೆ.

ಸೋಪಣ್ಣನ ಕಣ್ಣಲ್ಲಿ ನೀರು ಬಂತು. ಆ ಹಳೇ ಕ್ಲಾಸಿನ ಒಬ್ಬೊಬ್ಬರನ್ನೂ ಕರೆತಂದು ಈ ಬಟ್ಟೆ ತೋರಿಸಬೇಕೆನ್ನಿಸಿತು.

ಹಿಂದಿನ ಬೆಂಚಿನ ಹೆಂಗಸು ಎದ್ದು ನಿಂತರು. "ಪಾಸ್," ಎಂದರು.

ಪರೀಕ್ಷಕರು ಒಂದು ಕೂಗು ಹಾಕಿ ಬಂದು ಸೋಪಣ್ಣನನ್ನು ತಬ್ಬಿಕೊಂಡರು. ಪರೀಕ್ಷಕರೆಂದರೆ ಹೀಗಿರಬೇಕು, ವಿದ್ಯಾರ್ಥಿ ಪಾಸಾದರೆ ಎಂಥ ಸಂತೋಷ, ಎಂದು ಸೋಪಣ್ಣನೂ ತಬ್ಬಿಕೊಂಡ. ಲೋಟದ ನೀರು ಇಬ್ಬರ ಬೆನ್ನ ಮೇಲೂ ಹರಿಯಿತು.

"ಎರಡು ಸಲ ಹೋಗಿತ್ತು ಕಣ್ರೀ," ಎಂದರು ಪರೀಕ್ಷಕರು ಬಿಕ್ಕುತ್ತಾ. "ಈ ಸಲವೂ ಹೋಗಿದ್ರೆ ಮನೇಲಿ ಮುಖ ತೋರಿಸೋ ಹಾಗಿರಲಿಲ್ಲ."

"ಏನು ಹೋಗಿತ್ತು ಸಾರ್?"

"ಪರೀಕ್ಷೆ!"

ಸೋಪಣ್ಣ ಅವರ ತೋಳಿನಿಂದ ಬಿಡಿಸಿಕೊಂಡು ಹೆಂಗಸಿನ ಕಡೆ ತಿರುಗಿದ. "ಮೇಡಂ, ನನ್ನ ಸರ್ಟಿಫಿಕೇಟು?"

"ನಿಮ್ಮದಾ?" ಆ ಮೇಡಂ ಕನ್ನಡಕ ಸರಿಮಾಡಿಕೊಂಡರು. "ಪಾಸಾದದ್ದು ಇವರು. ಇದು ದೊಡ್ಡವರಿಗೆ ಪಾಠ ಹೇಳೋ ಮೇಷ್ಟ್ರುಗಳ ಪರೀಕ್ಷೆ. ಇವರೂ ನಿಮ್ಮ ಹಾಗೇ ಈ ವಯಸ್ಸಲ್ಲಿ ಮತ್ತೆ ಓದೋಕೆ ಬಂದವರು. ಇವರು ಕಲಿಸೋದನ್ನ ನಾನು ನೋಡ್ಬೇಕಲ್ಲ, ಅದಕ್ಕೆ ಒಬ್ಬ ವಿದ್ಯಾರ್ಥಿ ಬೇಕಾಗಿತ್ತು. ನಿಮ್ಮ ಸಂಜೆ ಶಾಲೆಯವರನ್ನ ಕೇಳಿದ್ವಿ. ಭಿನ್ನರಾಶಿ ಅಂದ್ರೆ ತಲೆಬುಡ ಗೊತ್ತಿಲ್ಲದವರು ಯಾರಾದ್ರೂ ಇದ್ರೆ ಕಳಿಸಿ ಅಂತ. ನಿಮ್ಮ ಮೇಡಂ ಒಂದು ಕ್ಷಣವೂ ಯೋಚನೆ ಮಾಡದೆ ನಿಮ್ಮ ಹೆಸರು ಹೇಳಿದ್ರು. ಬಹಳ ಉಪಕಾರವಾಯ್ತು."

ಸೋಪಣ್ಣ ಆ ಚಿಕ್ಕ ಬೆಂಚಿನ ಮೇಲೆ ಕುಸಿದ. ಮೊಣಕಾಲು ಮತ್ತೆ ಗಲ್ಲಕ್ಕೆ ಬಂತು.

"ಹಾಗಾದ್ರೆ ನನ್ನ ಪರೀಕ್ಷೆ ಮೇಡಂ?"

"ಮುಂದಿನ ತಿಂಗಳು ಇರ್ಬೇಕು. ಅದಕ್ಕೆ ನೀವೇನೂ ಇದನ್ನೆಲ್ಲ ಓದೋದು ಬೇಡ. ಭಿನ್ನರಾಶಿ ದೊಡ್ಡವರಿಗೆ ಕಷ್ಟ ಅಂತ ಈ ವರ್ಷ ತೆಗೆದುಬಿಟ್ಟಿದ್ದಾರೆ. ಅದರ ಬದಲು ದಶಮಾಂಶ ಹಾಕಿದ್ದಾರೆ."

ದಶಮಾಂಶ. ಅಂಶ ಎಂಬುದಿನ್ನೂ ಅದರಲ್ಲಿದೆ, ಛೇದ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಮೇಡಂ ಶುಭ ಹಾರೈಸಿ ಹೋದರು. ಸೋಪಣ್ಣ ಮೆಟ್ಟಿಲಿಳಿದ. ಪರೀಕ್ಷಕರು, ಈಗ ಪಾಸಾದ ಮೇಷ್ಟ್ರು, ಅವನ ಹೆಗಲ ಮೇಲಿಂದ ಕೈ ತೆಗೆಯದೆ ಜೊತೆಗೇ ಇಳಿದರು.

"ನಿಮ್ಮ ಋಣ ನಾನು ಇಟ್ಕೊಳ್ಳೋನಲ್ಲ," ಎಂದರು ಮೇಷ್ಟ್ರು. "ನನ್ನ ಮೊದಲನೇ ವಿದ್ಯಾರ್ಥಿ ನೀವು. ದಶಮಾಂಶ ಅಲ್ವಾ? ನಾನೇ ಹೇಳ್ಕೊಡ್ತೀನಿ. ದಿನಾ ಬೆಳಿಗ್ಗೆ, ಸಾಯಂಕಾಲ, ಎರಡು ಹೊತ್ತೂ ಮನೆಗೇ ಬರ್ತೀನಿ. ಈಗಲೇ ಬರ್ತೀನಿ. ನನ್ನ ಹತ್ತಿರ ಏಳು ಥರದ ವಿಧಾನ ಇದೆ, ಇವತ್ತು ನೀವು ನೋಡಿದ್ದು ಒಂದೇ. ನಿಮ್ಮ ಮನೆ ಎಲ್ಲಿ?"

ಆ ದಿನ ಕೇಳಿದ ಅಷ್ಟೂ ಪ್ರಶ್ನೆಗಳಲ್ಲಿ ಸೋಪಣ್ಣನಿಗೆ ಉತ್ತರ ಖಂಡಿತವಾಗಿ ಗೊತ್ತಿದ್ದದ್ದು ಇದೊಂದೇ. ಅವನು ಬೀದಿಯ ಆ ಕಡೆ ನೋಡಿದ, ಈ ಕಡೆ ನೋಡಿದ.

"ನೆನಪಾಗ್ತಿಲ್ಲ ಸಾರ್," ಎಂದ.

"ಅಯ್ಯೋ, ನೆನಪಾಗದೆ ಏನು?" ಎಂದು ಗೇಟಿನ ಕಡೆಯಿಂದ ಒಂದು ಹುರುಪಿನ ದನಿ ಕೇಳಿಸಿತು. ತಮ್ಮ ಶಿಷ್ಯನ ಫಲಿತಾಂಶ ತಿಳಿಯಲು ಸೋಪಣ್ಣನ ಮಗಳಿಂದ ವಿಳಾಸ ಪಡೆದು ಬಂದು, ಪರೀಕ್ಷೆ ಶುರುವಾದಾಗಿನಿಂದ ಅಲ್ಲಿ ಕಾದು ನಿಂತಿದ್ದ ದಫೇದಾರರು ನಗುನಗುತ್ತಾ ಬಂದು ಮೇಷ್ಟ್ರ ಕೈ ಹಿಡಿದುಕೊಂಡರು. "ಬನ್ನಿ ಸಾರ್, ನಾನು ತೋರಿಸ್ತೀನಿ. ಪಕ್ಕದ ಮನೆಯೇ ನನ್ನದು."